ವ್ರತ ನಡುವೆ ನಿಂತಿತು, ಹರಕೆ ಫಲಿಸಲಿಲ್ಲ: ಈಗ ಏನು ಮಾಡಬೇಕು?

ಪ್ರಶ್ನೆ: ನಮ್ಮ ಮಗನಿಗೆ ಈಗ 26 ವರ್ಷ. ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿಕೊಂಡು ನಾಲ್ಕು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಾಕತ್ತಿದ್ದ. ಮೂರು ಸಲ ಬರದಾನ, ಮೂರೂ ಸಲ ಆಗಲಿಲ್ಲ. ಕಳೆದ ಸಲ ನುಗ್ಗಿಕೇರಿ ಹನುಮಪ್ಪಗ ಹನ್ನೊಂದು ಶನಿವಾರದ ವ್ರತ ಹಿಡಿದಿದ್ದ. ಏಳನೇ ಶನಿವಾರದ ಹೊತ್ತಿಗೆ ನಮ್ಮ ಅತ್ತಿಯವರು ತೀರಿಕೊಂಡರು. ಸೂತಕ ಬಂತು, ವ್ರತ ಅಲ್ಲಿಗೇ ನಿಂತಿತು. ಆಮೇಲೆ ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಹೆಸರಿಲ್ಲ. ‘ವ್ರತ ಅರ್ಧಕ್ಕ ಬಿಟ್ರಿ, ಹನುಮಪ್ಪ ಸಿಟ್ಟಾಗ್ಯಾನ’ ಅಂತ ಒಬ್ಬರು ಅಂದರು. ಇನ್ನೊಬ್ಬರು ದೊಡ್ಡ ಶಾಂತಿ ಹೋಮ ಮಾಡಿಸ್ರಿ ಅಂತಾರ. ಅವನಿಗೆ ನೌಕರಿ ಸಿಕ್ಕರೆ ದೀಡ ನಮಸ್ಕಾರ ಹಾಕತೀನಿ ಅಂತ ನಾನು ಬೇಡಿಕೊಂಡಿದ್ದೆ. ಅದನ್ನ ಈಗ ತೀರಿಸಬೇಕೋ ಬ್ಯಾಡೋ? ಮಗ ರೂಮ್ ಖಾಲಿ ಮಾಡಿ, ಪುಸ್ತಕ ಕಟ್ಟಿಟ್ಟು ಮನಿಗೆ ಬಂದಾನ. ‘ನನ್ನ ಕೈಲೆ ಆಗೂದಿಲ್ಲವ್ವಾ, ನಾನ ಸರಿ ಇಲ್ಲ’ ಅಂತಾನ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಾಕೂ ತಯಾರಿಲ್ಲ. ದೇವರ ಮುಂದ ಕೂಡು ಅಂದರೆ ‘ನಂಬಿಕಿ ಇಲ್ಲದ ಕೈ ಮುಗಿಯೂದು ನಾಟಕ ಆಗತೈತಿ’ ಅಂತಾನ. ಅವನಿಗೆ ಧೈರ್ಯ ಬರುವಂಥ ಪೂಜೆ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿರಿ.
ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಾಯೀ, ನಿಮ್ಮ ಒಂದು ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ವ್ರತ, ಹರಕೆ, ಹೋಮ ಈ ಮೂರಕ್ಕೆ ಬೇಗ ಉತ್ತರ ಹೇಳಬಹುದು. ಕೊನೆಗೆ ಕೇಳಿದಿರಲ್ಲ, ಧೈರ್ಯ ಬರುವ ಪೂಜೆ ಯಾವುದು ಎಂದು, ಅದಕ್ಕೆ ಸ್ವಲ್ಪ ಕೂತು ಮಾತಾಡಬೇಕು. ಇಂಥದೇ ಸಂಕಟ ಇರುವ ಮನೆಗಳು ನಮ್ಮ ಅವಳಿ ನಗರದಲ್ಲಿ ಬೇಕಾದಷ್ಟಿವೆ. ಹಾಗಾಗಿ ಈ ಉತ್ತರವನ್ನು ಎಲ್ಲರೂ ತಮಗೇ ಬರೆದದ್ದೆಂದು ಓದಿಕೊಳ್ಳಲಿ.

ಮೊದಲು ವ್ರತದ ಮಾತು. ನಿಮ್ಮ ಮಗ ವ್ರತವನ್ನು ಮುರಿದಿಲ್ಲ. ಅಜ್ಜಿ ತೀರಿಕೊಂಡಾಗ ಮೊಮ್ಮಗ ಗುಡಿಗೆ ಹೋಗದೆ ಮನೆಯಲ್ಲಿ ಉಳಿದದ್ದೇ ಅಂದಿನ ಧರ್ಮ. ಸಂಕಲ್ಪ ಮಾಡಿ ಆರಂಭಿಸಿದ ವ್ರತಕ್ಕೆ ನಡುವೆ ಬಂದ ಸೂತಕದಿಂದ ಭಂಗವಿಲ್ಲ ಎಂದು ಧರ್ಮಶಾಸ್ತ್ರಕಾರರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಉಪವಾಸವನ್ನು, ಮನಸ್ಸಿನೊಳಗಿನ ಜಪವನ್ನು ತಾನು ನಡೆಸಿ, ಪೂಜೆಯ ಭಾಗವನ್ನು ಬೇರೆಯವರ ಕೈಯಿಂದ ಮಾಡಿಸಬಹುದು. ನಮ್ಮ ಕಡೆ ಬಹಳ ಮನೆತನಗಳಲ್ಲಿ ಇನ್ನೊಂದು ರೂಢಿ ಇದೆ. ಆ ವಾರಗಳನ್ನು ಬಿಟ್ಟು, ಶುದ್ಧಿಯಾದ ಮೇಲೆ ಉಳಿದದ್ದನ್ನು ಮುಂದುವರಿಸುತ್ತಾರೆ. ಎರಡೂ ಸರಿಯೇ. ವ್ರತಕ್ಕೆ ಭಂಗ ತಾರದ ಸಂಗತಿಗಳು ಎಂಟು ಎಂದು ಹಿರಿಯರು ಎಣಿಸಿದ್ದಾರೆ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ. ಔಷಧವನ್ನೂ ಸೇರಿಸಿದ್ದಾರೆ, ಗಮನಿಸಿರಿ. ಉಪವಾಸದ ದಿನ ಬಿಪಿ ಗುಳಿಗೆ ನುಂಗಬಹುದೇ ಎಂದು ತಿಂಗಳಿಗೊಬ್ಬರಾದರೂ ಈ ಅಂಕಣಕ್ಕೆ ಬರೆಯುತ್ತಾರೆ. ಅವರಿಗೂ ಇದೇ ಉತ್ತರ, ಧಾರಾಳವಾಗಿ ನುಂಗಿರಿ.

ಆರು ಶನಿವಾರ ಆಗಿದೆ, ಐದು ಉಳಿದಿದೆ. ಆ ಐದನ್ನು ಮಾಡಿದರಾಯಿತು, ಮೊದಲಿನಿಂದ ಎಣಿಸುವ ಅಗತ್ಯ ಇಲ್ಲ.

ಇನ್ನು ಹರಕೆ. ‘ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ’ ಎಂಬುದು ಹರಕೆಯ ಸ್ವರೂಪ. ಆಗಲಿಲ್ಲ ಎಂದಮೇಲೆ ನಿಮ್ಮ ತಲೆಯ ಮೇಲೆ ಸಾಲವೂ ಇಲ್ಲ. ಒಂದು ತೆಂಗಿನಕಾಯಿ ಒಡೆಸಿ, ‘ಹನುಮಪ್ಪಾ, ಬೇಡಿಕೊಂಡದ್ದು ನಿನಗೆ ಗೊತ್ತು, ಹೊತ್ತು ಬಂದಾಗ ನೋಡೋಣ’ ಎಂದು ಹೇಳಿ ಬನ್ನಿರಿ. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹರಕೆಯನ್ನು ಏರಿಸಬೇಡಿರಿ. ಒಂದು ಸಲದ ದೀಡ ನಮಸ್ಕಾರಕ್ಕೆ ಆಗಲಿಲ್ಲ, ಐದು ಸಲ ಅಂದರೆ ಆದೀತೇನೋ ಎಂದು ಮನಸ್ಸು ಎಳೆಯುತ್ತದೆ. ಅದು ಸಂತೆಯಲ್ಲಿ ಮಾಡುವ ಚೌಕಾಸಿ. ಅದರಿಂದ ಮಗನಿಗೂ ಭಾರ ಹೆಚ್ಚುತ್ತದೆ. ಅವ್ವನ ಮೊಣಕಾಲು ತನ್ನ ಮಾರ್ಕ್ಸಿನ ಮೇಲೆ ನಿಂತಿದೆ ಎಂದು ತಿಳಿದ ಹುಡುಗ ಪರೀಕ್ಷೆ ಕೋಣೆಯಲ್ಲಿ ಹಗುರಾಗಿ ಕೂಡಲಾರ.

ಶಾಂತಿ ಹೋಮದ ವಿಷಯ: ತಪ್ಪೇ ಆಗದ ಕಡೆ ಪ್ರಾಯಶ್ಚಿತ್ತ ಯಾಕೆ ಬೇಕು? ಹನುಮಪ್ಪ ಸಿಟ್ಟಾಗಿಲ್ಲ. ಅಜ್ಜಿ ಸತ್ತ ಮನೆಯ ಮೇಲೆ ಸಿಟ್ಟಾಗುವ ದೇವರನ್ನು ನಮ್ಮ ಹಿರಿಯರು ನಮಗೆ ತೋರಿಸಿಕೊಟ್ಟಿಲ್ಲ. ಹೋಮ ಮಾಡಿಸುವ ಸಂತೋಷ, ಅನುಕೂಲ ಇದ್ದರೆ ಮಾಡಿಸಬಹುದು. ಹೆದರಿ, ಸಾಲ ಮಾಡಿ ಮಾಡಿಸಬೇಡಿರಿ. ಸಂಕಲ್ಪದಲ್ಲಿ ‘ಯಥಾಶಕ್ತಿ’ ಎಂಬ ಶಬ್ದ ಸುಮ್ಮನೆ ಬಂದಿಲ್ಲ.

ಸಂಕಲ್ಪದ ಹೆಸರು ಬಂತಲ್ಲ, ಧೈರ್ಯದ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಪೂಜೆಗೆ ಕುಳಿತಾಗ ಆಚಮನ, ಪ್ರಾಣಾಯಾಮ ಆದ ಮೇಲೆ ಸಂಕಲ್ಪ ಬರುತ್ತದೆ. ಭಟ್ಟರು ಅದನ್ನು ಎಷ್ಟು ವೇಗವಾಗಿ ಹೇಳುತ್ತಾರೆಂದರೆ ನಮ್ಮ ಕಿವಿಗೆ ಬೀಳುವುದು ನಮ್ಮ ಗೋತ್ರ, ಹೆಸರು ಮಾತ್ರ. ಒಮ್ಮೆ ನಿಧಾನವಾಗಿ ಹೇಳಿಸಿ ಕೇಳಿರಿ. ಅದು ಶ್ವೇತವರಾಹ ಕಲ್ಪದಿಂದ ಶುರುವಾಗುತ್ತದೆ. ಅಲ್ಲಿಂದ ಮನ್ವಂತರ, ಕಲಿಯುಗದ ಪ್ರಥಮ ಪಾದ, ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ, ಈ ಸಂವತ್ಸರ, ಈ ಋತು, ಈ ಮಾಸ, ಇವತ್ತಿನ ತಿಥಿ ಎಂದು ಇಳಿಯುತ್ತಾ ಇಳಿಯುತ್ತಾ ಕೊನೆಗೆ ನಿಮ್ಮ ಹೆಸರಿಗೆ ಬಂದು ನಿಲ್ಲುತ್ತದೆ. ಕೋಟಿಗಟ್ಟಲೆ ವರ್ಷಗಳ ಲೆಕ್ಕ ಹೇಳಿ, ಆಮೇಲೆ ‘ಇವತ್ತು, ಇಲ್ಲಿ, ನಾನು’. ಸೋತ ಮನಸ್ಸಿಗೆ ಜಗತ್ತೆಲ್ಲ ಒಂದು ಪಟ್ಟಿಯಷ್ಟೇ ಆಗಿಬಿಟ್ಟಿರುತ್ತದೆ, ತನ್ನ ಹೆಸರು ಇಲ್ಲದ ಪಟ್ಟಿ. ಸಂಕಲ್ಪದಲ್ಲಿ ಮಾತ್ರ ದಿನಾಲೂ ಹೆಸರು ಇರುತ್ತದೆ. ಯಾವ ನಂಬರೂ ಕೇಳದೆ ಹೆಸರು ಹಿಡಿದು ಕರೆಯುತ್ತಾರೆ.

ಹೆಸರಿನ ಬೆನ್ನಿಗೇ ಏನು ಬೇಡುತ್ತೇವೆ ಎಂಬುದು ಬರುತ್ತದೆ. ಕ್ಷೇಮ, ಸ್ಥೈರ್ಯ, ಧೈರ್ಯ, ವಿಜಯ, ಆಯುಸ್ಸು, ಆರೋಗ್ಯ, ಐಶ್ವರ್ಯ. ಸಂಪ್ರದಾಯಕ್ಕೆ ತಕ್ಕಂತೆ ಒಂದೆರಡು ಶಬ್ದ ಆಚೀಚೆ ಆಗಬಹುದು. ಆದರೆ ಸಾಮಾನ್ಯವಾಗಿ ನಾವು ಕೇಳುವ ಪಾಠದಲ್ಲಿ ಸ್ಥೈರ್ಯ, ಧೈರ್ಯ ಮೊದಲು ಬರುತ್ತವೆ, ವಿಜಯ ಆಮೇಲೆ. ನಾವು ಬೇಡುವಾಗ ಇದನ್ನು ತಿರುವುಮುರುವು ಮಾಡುತ್ತೇವೆ. ಮೊದಲು ಗೆಲ್ಲಿಸು, ಗೆದ್ದರೆ ಧೈರ್ಯ ತಾನಾಗಿ ಬರುತ್ತದೆ ಅನ್ನುತ್ತೇವೆ. ‘ಒಂದು ಸಲ ಪಾಸಾದರ ಅವಂಗ ಕಾನ್ಫಿಡೆನ್ಸ್ ಬರತೈತಿ’ ಎಂದು ಮನೆಮನೆಯಲ್ಲಿ ಹೇಳುವುದು ಇದನ್ನೇ. ಹಾಗೆ ಕಾಯುತ್ತ ಕುಳಿತರೆ ಸೋತವನಿಗೆ ಧೈರ್ಯ ಸಿಗುವ ದಾರಿಯೇ ಉಳಿಯುವುದಿಲ್ಲ.

ಸಂಕಲ್ಪದ ಕಟ್ಟಕಡೆಯ ಶಬ್ದ ‘ಕರಿಷ್ಯೇ’. ಮಾಡುತ್ತೇನೆ ಎಂದರ್ಥ. ಗೆಲ್ಲುತ್ತೇನೆ, ಪಡೆಯುತ್ತೇನೆ ಎಂದು ಅಲ್ಲಿ ಹೇಳಿಸುವುದಿಲ್ಲ. ಕೈಯಲ್ಲಿ ಅಕ್ಷತೆ, ನೀರು ಹಿಡಿದು ದೇವರ ಮುಂದೆ ಕೊಡುವ ಮಾತು ಇಷ್ಟೇ: ಇವತ್ತು ಈ ಪೂಜೆಯನ್ನು ನನ್ನ ಶಕ್ತಿ ಇದ್ದಷ್ಟು ಮಾಡುತ್ತೇನೆ. ಮಾತು ಕೊಟ್ಟು ನೀರು ಬಿಡುತ್ತೇವೆ. ಅರ್ಧ ಗಂಟೆಯಲ್ಲಿ ಪೂಜೆ ಮುಗಿಯುತ್ತದೆ, ಮಾತು ಉಳಿಯಿತು. ಮರುದಿನ ಮತ್ತೆ ಒಂದು ಸಣ್ಣ ಮಾತು, ಮತ್ತೆ ಅದನ್ನು ನಡೆಸುವುದು. ನನ್ನ ಕೈಲೆ ಏನೂ ಆಗುವುದಿಲ್ಲ ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಕಾಣುವುದಿಲ್ಲ. ದಿನಾ ಬೆಳಗ್ಗೆ ಕೊಟ್ಟ ಮಾತನ್ನು ದಿನಾ ಉಳಿಸಿಕೊಂಡವನು ತನ್ನನ್ನು ತಾನು ಮತ್ತೆ ನಂಬಲು ಶುರುಮಾಡುತ್ತಾನೆ. ಅದು ಭಾಷಣ ಕೇಳಿ ಬರುವಂಥದ್ದಲ್ಲ.

ಹನುಮಪ್ಪನ ವ್ರತ ಹಿಡಿದವನಿಗೆ ಹನುಮಪ್ಪನ ಸೋಲಿನ ಕಥೆ ಗೊತ್ತಿರಬೇಕು. ಸುಂದರಕಾಂಡವನ್ನು ಸಂಕಟ ಕಳೆಯಲೆಂದು ಪಾರಾಯಣ ಮಾಡುತ್ತೇವೆ. ಸಮುದ್ರ ಹಾರಿದ್ದು, ಲಂಕೆ ಸುಟ್ಟದ್ದು ಎಲ್ಲರಿಗೂ ನೆನಪಿದೆ. ನಡುವೆ ಏನಾಯಿತು ಎಂಬುದನ್ನು ಬಹಳ ಜನ ಓಡಿಸಿಕೊಂಡು ಓದುತ್ತಾರೆ. ಲಂಕೆಗೆ ಬಂದ ರಾತ್ರಿ ಅವನು ಮನೆಮನೆ ಹುಡುಕುತ್ತಾನೆ. ರಾವಣನ ಅಂತಃಪುರದಲ್ಲಿ ಮಲಗಿದ್ದ ಮಂಡೋದರಿಯನ್ನು ಕಂಡು ಇವಳೇ ಸೀತೆ ಎಂದುಕೊಳ್ಳುತ್ತಾನೆ. ಖುಷಿಯಿಂದ ಬಾಲಕ್ಕೆ ಮುತ್ತಿಡುತ್ತಾನೆ, ಕಂಬ ಹತ್ತಿ ಇಳಿಯುತ್ತಾನೆ. ಕೀ ಉತ್ತರ ನೋಡಿ ‘ಆತು, ಪಾಸಾದೆ’ ಎಂದು ಗೆಳೆಯರಿಗೆಲ್ಲ ಫೋನ್ ಮಾಡಿದ ಹುಡುಗನ ಹಾಗೆ. ಮರುಕ್ಷಣ ತಿಳಿಯುತ್ತದೆ: ರಾಮನನ್ನು ಅಗಲಿದ ಸೀತೆ ಹೀಗೆ ಅಲಂಕಾರ ಮಾಡಿಕೊಂಡು ನಿದ್ದೆ ಮಾಡಲಾರಳು, ಇವಳು ಬೇರೆ ಯಾರೋ.

ಅಲ್ಲಿಂದ ಮುಂದಿನ ಸರ್ಗಗಳಲ್ಲಿ, ಮುಖ್ಯವಾಗಿ 12 ಮತ್ತು 13ರಲ್ಲಿ, ಹನುಮಂತ ಪೂರ್ತಿ ಕುಸಿಯುತ್ತಾನೆ. ಸಮುದ್ರ ಹಾರಿದ್ದೆಲ್ಲ ವ್ಯರ್ಥವಾಯಿತು, ವಾಪಸ್ ಹೋಗಿ ಯಾವ ಮುಖ ತೋರಿಸಲಿ, ಸೀತೆ ಸಿಗಲಿಲ್ಲ ಎಂದರೆ ರಾಮ ಬದುಕುವುದಿಲ್ಲ, ಅವನ ಹಿಂದೆ ಲಕ್ಷ್ಮಣ, ಅವರ ಹಿಂದೆ ಸುಗ್ರೀವ. ಒಂದು ಕೆಟ್ಟ ಯೋಚನೆ ಹತ್ತನ್ನು ಎಳೆದು ತರುತ್ತದೆ. ಊರಿಗೇ ಹೋಗುವುದು ಬೇಡ, ಇಲ್ಲೇ ಎಲ್ಲಾದರೂ ಸನ್ಯಾಸಿಯಂತೆ ಇದ್ದುಬಿಡುತ್ತೇನೆ ಎನ್ನುವಲ್ಲಿಂದ ಪ್ರಾಣ ಬಿಡುವ ಮಾತಿನವರೆಗೂ ಹೋಗುತ್ತಾನೆ. ಹೌದು ತಾಯೀ, ನಾವು ಧೈರ್ಯಕ್ಕೆಂದು ಕೈಮುಗಿಯುವ ಹನುಮಪ್ಪನೇ. ವಾಲ್ಮೀಕಿಗಳು ಅದನ್ನು ಮುಚ್ಚಿಡಲಿಲ್ಲ. 68 ಸರ್ಗಗಳ ಕಾಂಡದಲ್ಲಿ ಇದು ಆಗುವುದು ಆರಂಭದ ಭಾಗದಲ್ಲೇ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಸುಂದರಕಾಂಡ ಒಂದು ಸೋಲಿನ ಕಥೆ.

ಅಲ್ಲಿಂದ ಅವನು ಎದ್ದ ಬಗೆಯನ್ನು ನೋಡಿರಿ. ಮೊದಲಿಗೆ, ಜೀವ ಇದ್ದರೆ ಒಳ್ಳೆಯದನ್ನು ಕಾಣುವ ಸಂಭವ ಇದೆ, ಸತ್ತರೆ ಅದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಎದೆಗುಂದದೆ ಇರುವುದಕ್ಕೆ ಅಲ್ಲಿ ‘ಅನಿರ್ವೇದ’ ಎಂಬ ಶಬ್ದ ಬಂದಿದೆ. ಸಂಪತ್ತಿಗೆಲ್ಲ ಅದೇ ಬೇರು ಎನ್ನುತ್ತಾನೆ. ಎರಡನೆಯದಾಗಿ, ಇನ್ನೂ ಹುಡುಕದ ಒಂದು ಜಾಗ ಉಳಿದಿದೆಯೇ ಎಂದು ಲೆಕ್ಕ ಹಾಕುತ್ತಾನೆ. ಅಶೋಕವನ ಉಳಿದಿರುತ್ತದೆ. ಅಷ್ಟಾದ ಮೇಲೆ ಕೈಮುಗಿಯುತ್ತಾನೆ. ರಾಮ, ಲಕ್ಷ್ಮಣ, ಸೀತೆ, ರುದ್ರ, ಇಂದ್ರ, ಯಮ, ವಾಯು, ಸೂರ್ಯ, ಚಂದ್ರ ಎಲ್ಲರನ್ನೂ ನೆನೆದು ನಮಸ್ಕರಿಸಿ ಆ ತೋಟದ ಕಡೆ ಹಾರುತ್ತಾನೆ. ಅವನು ನಮಸ್ಕಾರ ಮಾಡಿದ ಹೊತ್ತಿನಲ್ಲಿ ಸೀತೆ ಅಲ್ಲಿದ್ದಾಳೆಂಬ ಖಾತ್ರಿ ಅವನಿಗೆ ಇರಲಿಲ್ಲ. ನಮಸ್ಕಾರದ ಬೆಲೆ ಇರುವುದು ಅಲ್ಲಿಯೇ. ನಿಮ್ಮ ಮಗನಿಗೂ ಕೇಳಿರಿ: ನಾಲ್ಕು ವರ್ಷದಲ್ಲಿ ಇನ್ನೂ ಕೈಯಿಡದ ಜಾಗ ಯಾವುದಪ್ಪಾ? ಬರೆದು ಅಭ್ಯಾಸ ಮಾಡಿದ್ದು ಕಡಿಮೆಯೋ, ಒಂದು ವಿಷಯವನ್ನು ಹೆದರಿ ಬಿಟ್ಟಿದ್ದೋ, ಬೇರೆ ಇಲಾಖೆಯ ಪರೀಕ್ಷೆಯೋ, ಅಥವಾ ಬೇರೆ ಕೆಲಸವೇ ಇರಬಹುದೋ? ಅಶೋಕವನ ಸರ್ಕಾರಿ ನೌಕರಿಯ ಕಾಂಪೌಂಡಿನೊಳಗೇ ಇರಬೇಕೆಂದೇನೂ ಇಲ್ಲ.

ನೀವು, ಮನೆಯವರು ಹೇಗೆ ಇರಬೇಕು ಎಂಬುದಕ್ಕೆ ನಾನು ವಿರಾಟಪರ್ವಕ್ಕೆ ಹೋಗುತ್ತೇನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಗಾದೆ ಕಥೆಯನ್ನು ಅರ್ಧಕ್ಕೇ ಬಿಟ್ಟಿದೆ. ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟ ಆ ಹುಡುಗ ಕೌರವರ ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿಯುತ್ತಾನೆ. ಹಿಡಿದು ಏನು ಮಾಡಿದ? ‘ನಿಮ್ಮಪ್ಪನ ಮಾನ ಕಳೆದೆ’ ಎಂದು ಬೈಯುತ್ತ ಕೂಡಲಿಲ್ಲ. ‘ನೀನು ಶೂರ, ಹೋಗು, ಹೊಡಿ’ ಎಂದು ಹುರಿದುಂಬಿಸಲೂ ಇಲ್ಲ. ನಿನಗೆ ಯುದ್ಧ ಮಾಡಲು ಆಗದಿದ್ದರೆ ಕುದುರೆ ನೀನು ಹಿಡಿ, ಯುದ್ಧ ನಾನು ಮಾಡುತ್ತೇನೆ ಎಂದ. ಆಗುವಂಥ ಒಂದು ಕೆಲಸ ಕೊಟ್ಟ, ತಾನು ಜೊತೆಗೆ ನಿಂತ. ಆಮೇಲೆ ಶಮೀವೃಕ್ಷದ ಹತ್ತಿರ ಕರೆದುಕೊಂಡು ಹೋಗಿ ಹತ್ತು ಎಂದ. ಆ ಮರದಲ್ಲಿ ಹೆಣ ಕಟ್ಟಿದ್ದಾರಂತೆ, ಮುಟ್ಟಲಾರೆ ಎಂದು ಹುಡುಗ ಹಿಂಜರಿದ. ಹೆಣವಲ್ಲ, ಆಯುಧ ಎಂದು ತಿಳಿಸಿ ಹತ್ತಿಸಿದ. ಅಂದು ಸಂಜೆಯೊಳಗೆ ಅದೇ ಉತ್ತರ ಭೀಷ್ಮ ದ್ರೋಣರ ಎದುರು ರಥ ನಡೆಸಿದ. ಊರಿಗೆ ಬಂದ ಮೇಲೆ ಗೆದ್ದದ್ದು ನಾನಲ್ಲ ಎಂದು ಅಪ್ಪನ ಮುಂದೆ ನಿಜವನ್ನೇ ಹೇಳಿದ. ಬೆಳಗ್ಗೆ ಕೊಚ್ಚಿಕೊಂಡವನು ಸಂಜೆ ನಿಜ ಹೇಳುವ ಮಟ್ಟಕ್ಕೆ ಬಂದನಲ್ಲ, ನನಗೆ ಅದು ರಥ ನಡೆಸಿದ್ದಕ್ಕಿಂತ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಆ ಶಮಿಯೇ ನಮ್ಮ ಬನ್ನಿ. ಪ್ರತಿ ದಸರೆಗೆ ಹುಬ್ಬಳ್ಳಿ ಧಾರವಾಡದ ಓಣಿ ಓಣಿಯಲ್ಲಿ ಬನ್ನಿ ಕೊಟ್ಟು, ಬಂಗಾರದ್ಹಂಗ ಇರೋಣು ಎಂದು ಹೇಳಿಕೊಳ್ಳುತ್ತೇವೆ. ಈ ಸಲ ಮಗನ ಕೈಗೆ ಬನ್ನಿ ಕೊಡುವಾಗ ಈ ಕಥೆ ನೆನಪಿರಲಿ.

ಅವತ್ತು ಉತ್ತರನಿಗೆ ಧೈರ್ಯ ತುಂಬಿದ ಅರ್ಜುನನೇ ಮುಂದೆ ಕುರುಕ್ಷೇತ್ರದಲ್ಲಿ ಗಾಂಡೀವ ಜಾರಿಸಿ ಕುಳಿತ. ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ವಿಷಾದಕ್ಕೂ ಯೋಗ ಎಂದೇ ಹೆಸರಿಟ್ಟರು. ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಆಡುವ ಕೊನೆಯ ಮಾತಿನಲ್ಲಿ ಬರುವ ಕ್ರಿಯಾಪದ ಯಾವುದು ಗೊತ್ತೇ? ಅದೇ ‘ಕರಿಷ್ಯೇ’. ನಾವು ದಿನಾ ಪೂಜೆಯಲ್ಲಿ ನೀರು ಬಿಡುವಾಗ ಹೇಳುವ ಶಬ್ದ.

ಈಗ ನಿಮ್ಮ ಮಗ ಎತ್ತಿದ ಪ್ರಶ್ನೆ. ನಂಬಿಕೆ ಇಲ್ಲದೆ ಕೈಮುಗಿದರೆ ನಾಟಕವಲ್ಲವೇ? ಹುಡುಗ ಪ್ರಾಮಾಣಿಕ, ಇಂಥ ಪ್ರಶ್ನೆ ಕೇಳುವವರು ನನಗೆ ಇಷ್ಟ. ಅವನಿಗೆ ಹೀಗೆ ಹೇಳಿರಿ. ಪೂಜೆಯ ಕೊನೆಗೆ ಕ್ಷಮಾಪಣೆ ಇದೆ. ಅಲ್ಲಿ ಮೂರು ಕೊರತೆಗಳನ್ನು ಹೆಸರು ಹೇಳಿ ಒಪ್ಪಿಕೊಳ್ಳುತ್ತೇವೆ: ಮಂತ್ರ ತಪ್ಪಿರಬಹುದು, ಕ್ರಿಯೆ ತಪ್ಪಿರಬಹುದು, ಭಕ್ತಿಯೂ ಸಾಲದೆ ಇರಬಹುದು, ಆದರೂ ಈ ಪೂಜೆ ಪೂರ್ಣವಾಗಲಿ ಎಂದು. ಭಕ್ತಿ ಸಾಲದವನು ಪೂಜೆಗೆ ಕೂಡುತ್ತಾನೆ ಎಂಬುದು ಈ ಪದ್ಧತಿ ಕಟ್ಟಿದವರಿಗೆ ಗೊತ್ತಿತ್ತು. ಅವನಿಗೂ ಒಂದು ಮಣೆ ಹಾಕಿಯೇ ಇಟ್ಟಿದ್ದಾರೆ. ಇಲ್ಲದ ನಂಬಿಕೆಯನ್ನು ಇದೆ ಎಂದು ತೋರಿಸಿದರೆ ಅದು ನಾಟಕ. ಇಲ್ಲ ಎಂದು ಹೇಳಿಯೇ ಕುಳಿತರೆ ಅದು ಪೂಜೆಯೇ.

ಹಾಗಾದರೆ ದಿನಾ ಏನು ಮಾಡಬೇಕು? ಹೆಚ್ಚು ಬೇಡ. ಬೆಳಗ್ಗೆ ಸ್ನಾನವಾದ ಮೇಲೆ ಒಂದು ದೀಪ ಹಚ್ಚಲಿ. ಸಂಧ್ಯಾವಂದನೆ ಇದ್ದವರು ಅದನ್ನು ಮಾಡಲಿ. ಇಷ್ಟಲಿಂಗ ಪೂಜೆ ಇದ್ದವರಿಗೆ ಅಂಗೈಯಲ್ಲೇ ಎಲ್ಲ ಇದೆ. ಯಾವ ದೀಕ್ಷೆಯೂ ಆಗಿಲ್ಲದವರು ಸಿದ್ಧಾರೂಢ ಮಠದಲ್ಲಿ ಎಲ್ಲ ಜಾತಿಯವರೂ ಕೂತು ಹೇಳುವ ‘ಓಂ ನಮಃ ಶಿವಾಯ’ವನ್ನು ಹನ್ನೊಂದು ಸಲ ಹೇಳಲಿ, ರಾಮನಾಮವಾದರೂ ಆಗುತ್ತದೆ. ಆಮೇಲೆ ಸಂಕಲ್ಪ. ಸಂಸ್ಕೃತ ಬರದಿದ್ದರೆ ಕನ್ನಡದಲ್ಲೇ ಇರಲಿ, ಮನೆಮಾತಿನಲ್ಲೇ ಇರಲಿ. ಇವತ್ತಿನ ವಾರ, ತಿಥಿ, ತನ್ನ ಹೆಸರು ಹೇಳಿ, ‘ಇವತ್ತ ಇಷ್ಟು ಮಾಡತೀನಿ’ ಎಂದು ಒಂದೇ ಒಂದು ಕೆಲಸದ ಹೆಸರು ಹೇಳಲಿ. ಹತ್ತು ತಾಸು ಓದತೀನಿ ಎಂದು ಹೇಳಕೂಡದು. ಮೊದಲ ವಾರ ಅರ್ಧ ತಾಸು ಸಾಕು. ಕಟ್ಟಿಟ್ಟ ಪುಸ್ತಕದ ಗಂಟು ಬಿಚ್ಚಿ ಒರೆಸಿ ಜೋಡಿಸುವುದೇ ಮೊದಲ ದಿನದ ಸಂಕಲ್ಪ ಆಗಬಹುದು. ಓದಿನದೇ ಆಗಬೇಕೆಂದೂ ಇಲ್ಲ. ಅಪ್ಪನ ಬ್ಯಾಂಕಿನ ಕೆಲಸ ಮುಗಿಸಿ ಬರುವುದೂ ಒಂದು ಮಾತೇ.

ಅಳತೆ ಸಣ್ಣದಿರಲಿ ಎನ್ನುವುದಕ್ಕೆ ಗದುಗಿನಲ್ಲಿ ಹೇಳುವ ಒಂದು ಕಥೆ ಇದೆ. ಕುಮಾರವ್ಯಾಸ ದಿನಾ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬದ ಹತ್ತಿರ ಕುಳಿತು ಭಾರತ ಬರೆಯುತ್ತಿದ್ದನಂತೆ. ಬಟ್ಟೆ ಆರಿತೋ, ಅವತ್ತಿನ ಬರಹ ಮುಗಿಯಿತು. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ನಮ್ಮ ಬಿಸಿಲಿಗೆ ಬಟ್ಟೆ ಎಷ್ಟು ಹೊತ್ತಿಗೆ ಆರುತ್ತದೆ ನೀವೇ ಹೇಳಿರಿ! ಅಷ್ಟಷ್ಟೇ ಹೊತ್ತಿನಲ್ಲಿ ಹತ್ತು ಪರ್ವ ಆದವು.

ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಮತ್ತೆ ದೇವರ ಮುಂದೆ ನಿಲ್ಲಲಿ. ಹೇಳಿದ್ದು ಆಗಿದ್ದರೆ ‘ಆತು’, ಆಗದಿದ್ದರೆ ‘ಆಗಲಿಲ್ಲ’. ಕಾರಣ ಹೇಳುವುದು ಬೇಡ, ತನ್ನನ್ನು ತಾನು ಬೈದುಕೊಳ್ಳುವುದೂ ಬೇಡ. ಕ್ಷಮೆ ಕೇಳಿ ಮಲಗಲಿ. ನಾಳೆಯ ಸಂಕಲ್ಪಕ್ಕೆ ನಾಳೆಯದೇ ತಿಥಿ ಇರುತ್ತದೆ, ನಿನ್ನೆಯದನ್ನು ಯಾರೂ ಹೇಳಿಸುವುದಿಲ್ಲ. ಮನೆಯವರಾದ ನೀವು ‘ಇವತ್ತ ಆತೇನು?’ ಎಂದು ಕೇಳಬಾರದು. ಅದು ಅವನಿಗೂ ದೇವರಿಗೂ ಬಿಟ್ಟದ್ದು. ನಿಮಗೆ ಜಾಂಬವಂತನ ಕೆಲಸ. ಸಮುದ್ರದ ದಂಡೆಯಲ್ಲಿ ಸುಮ್ಮನೆ ಒಂದು ಕಡೆ ಕುಳಿತಿದ್ದ ಹನುಮಂತನಿಗೆ ಅವನ ಶಕ್ತಿಯನ್ನು ನೆನಪು ಮಾಡಿಕೊಟ್ಟವನು ಜಾಂಬವಂತ. ನಿಮ್ಮ ಮಗ ಏಳನೆಯ ಶನಿವಾರ ಅಜ್ಜಿಗಾಗಿ ನಿಂತನಲ್ಲ, ಅದನ್ನೇ ನೆನಪು ಮಾಡಿಕೊಡಿರಿ. ಪಕ್ಕದ ಮನೆಯ ಹುಡುಗ ಎಲ್ಲಿ ನೌಕರಿ ಹಿಡಿದ ಎಂಬ ಸುದ್ದಿ ಕೆಲವು ದಿನ ಊಟದ ಹೊತ್ತಿಗೆ ಬರದಿದ್ದರೆ ಒಳ್ಳೆಯದು.

ಫಲದ ವಿಷಯದಲ್ಲಿ ಒಂದು ಲೋಕದ ಮಾತನ್ನೂ ಹೇಳಬೇಕು. ಸೋತದ್ದೆಲ್ಲ ನಮ್ಮ ದೋಷ ಎಂದು ತಿಳಿಯುವುದು ಅಹಂಕಾರದ ಇನ್ನೊಂದು ಮುಖ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಿನಿಂದ ಓದಿದ ಎಷ್ಟು ಮಕ್ಕಳ ವರ್ಷಗಳು ಹಾಗೆ ಹೋದವು! ಅವರಲ್ಲಿ ಯಾರ ವ್ರತ ತಪ್ಪಿತ್ತು?

ಇನ್ನೊಂದು ಮಾತನ್ನು ಬಿಡದೆ ಓದಿರಿ. ಅವನು ಸರಿಯಾಗಿ ಊಟ, ನಿದ್ದೆ ಮಾಡದೆ ಇದ್ದರೆ, ಯಾರೊಡನೆಯೂ ಮಾತಾಡದೆ ಬಾಗಿಲು ಹಾಕಿಕೊಂಡು ಇದ್ದರೆ, ಬದುಕು ಸಾಕು ಎಂಬಂಥ ಮಾತು ಬಾಯಿಂದ ಬಂದರೆ, ಪೂಜೆಯ ಜೊತೆಗೆ ಅಂದೇ ವೈದ್ಯರನ್ನು ಕಾಣಿರಿ. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅದರಲ್ಲಿ ನಾಚಿಕೆಯ ಪ್ರಶ್ನೆ ಇಲ್ಲ. ವ್ರತಕ್ಕೆ ಔಷಧದಿಂದ ಭಂಗವಿಲ್ಲ ಎಂದು ಮೇಲೆಯೇ ಹೇಳಿದ್ದೇನೆ.

ಅರ್ಜಿ ಹಾಕುವುದು ಬಿಡುವುದು ಅವನ ತೀರ್ಮಾನ. ಹಾಕಿದರೆ ಪರೀಕ್ಷೆಯ ಬೆಳಗ್ಗೆ ವಿಶೇಷ ಪೂಜೆ ಏನೂ ಬೇಡ, ದಿನದ ದೀಪ, ದಿನದ ಸಂಕಲ್ಪ ಸಾಕು. ಅವತ್ತು ಮಾಡತೀನಿ ಎನ್ನಬೇಕಾದ ಕೆಲಸ ಒಂದೇ, ಕೊನೆಯ ಗಂಟೆ ಹೊಡೆಯುವವರೆಗೂ ಕೋಣೆಯಲ್ಲಿ ಕುಳಿತು ಬರೆಯುವುದು. ಅರ್ಜಿ ಹಾಕದೆ ಬೇರೆ ದಾರಿ ಹಿಡಿದರೂ ಉಳಿದ ಐದು ಶನಿವಾರಗಳನ್ನು ಪೂರೈಸಲಿ. ಅವು ನೌಕರಿಗೆ ಕಟ್ಟಿದ ಬೆಲೆಯಲ್ಲ, ಹಿಡಿದ ಮಾತು. ನುಗ್ಗಿಕೇರಿಗೆ ಹೋಗಲು ಆಗದ ವಾರ ಮನೆಯ ಹತ್ತಿರದ ಹನುಮಪ್ಪನ ಗುಡಿಗೆ ಹೋದರೂ ನಡೆಯುತ್ತದೆ.

ಹನ್ನೊಂದನೆಯ ಶನಿವಾರ ಉದ್ಯಾಪನೆ. ಹನುಮಪ್ಪನಿಗೆ ವೀಳ್ಯದೆಲೆಯ ಮಾಲೆ ಹಾಕಿಸಿರಿ, ಅನುಕೂಲ ಇದ್ದರೆ ಉದ್ದಿನ ವಡೆಯ ಮಾಲೆ. ಊಟಕ್ಕೆ ಇಷ್ಟೇ ಜನ ಎಂದು ಲೆಕ್ಕ ಕಟ್ಟಿಕೊಳ್ಳಬೇಡಿರಿ. ಸಪ್ತಾಪುರದಲ್ಲಿ ಅವನ ಜೊತೆ ಓದುತ್ತಿದ್ದ ಹುಡುಗರನ್ನು ಕರೆಯಿರಿ, ಪಟ್ಟಿಯಲ್ಲಿ ಹೆಸರು ಬಂದವರನ್ನೂ ಬಾರದವರನ್ನೂ. ಹೋಳಿಗೆ ಮಾಡುವುದಾದರೆ ಸ್ವಲ್ಪ ಹೆಚ್ಚೇ ಮಾಡ್ರಿ. ರೂಮಿನಲ್ಲಿದ್ದು ಓದುವ ಮಕ್ಕಳು, ಮನೆಯ ಊಟ ಉಂಡು ಬಹಳ ದಿನ ಆಗಿರುತ್ತದೆ.